ಗಾಲಿಕುರ್ಚಿ ತರಿಸುವ ಮುನ್ನ ಅಳತೆ ತೆಗೆಯೋಣ



ಒಂದು ರವಿಕೆ ಹೊಲಿಸಬೇಕಾದರೂ ನಾವು ಅಳತೆ ಕೊಡುತ್ತೇವೆ. ಆದರೆ ಒಬ್ಬರು ದಿನಪೂರ್ತಿ ಕೂರಬೇಕಾದ ಗಾಲಿಕುರ್ಚಿಯನ್ನು ಮಾತ್ರ ಅಳತೆಯಿಲ್ಲದೆ ತರಿಸಿಬಿಡುತ್ತೇವೆ. ಈ ತಪ್ಪನ್ನು ನಾವೂ ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಬೆಟ್ಟದಪುರದ ಸುತ್ತಲಿನ ಹಳ್ಳಿಗಳಿಗೆಂದು ದಾನಿಗಳ ಹಣದಲ್ಲಿ ಒಂದೇ ಅಳತೆಯ ಗಾಲಿಕುರ್ಚಿಗಳನ್ನು ತರಿಸಿ, ಸಭೆ ಮಾಡಿ, ಫೋಟೋ ತೆಗೆಸಿ ಹಂಚಿದೆವು. ಮೂರು ತಿಂಗಳ ಮೇಲೆ ಮನೆಭೇಟಿಗೆ ಹೋದಾಗ ಒಂದು ಕುರ್ಚಿಯ ಮೇಲೆ ರಾಗಿ ಮೂಟೆ ಕೂತಿತ್ತು. ಇನ್ನೊಂದು ಮನೆಯಲ್ಲಿ ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದ್ದ ಹುಡುಗನಿದ್ದ. ಕುರ್ಚಿ ಅವನಿಗೆ ಅಗಲ ಜಾಸ್ತಿ, ಕೂರಲು ದಿಂಬೂ ಇರಲಿಲ್ಲ. ಪೃಷ್ಠದಲ್ಲಿ ಆಳವಾದ ಹುಣ್ಣಾಗಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲದ್ದರಿಂದ ಅವನಿಗೆ ಗೊತ್ತೇ ಆಗಿರಲಿಲ್ಲ. "ಒಂದಿನನೂ ಅಂಗಳ ದಾಟ್ಲಿಲ್ಲ ಸಿಸ್ಟರ್. ಮುಂದಿನ್ ಚಕ್ರ ಮಣ್ಣಲ್ಲಿ ಹೂತ್ಕೊಳ್ತದೆ" ಎಂದರು ಅವನ ತಾಯಿ. ಹುಣ್ಣು ಮಾಯುವ ತನಕ ಎರಡು ತಿಂಗಳು ಅವನು ಬೋರಲು ಮಲಗಿದ್ದ. ಕುರ್ಚಿ ಕೊಟ್ಟ ಪುಣ್ಯ ನಮ್ಮದೆಂದುಕೊಂಡಿದ್ದೆವು, ಹುಣ್ಣಿನ ಪಾಪವೂ ನಮ್ಮದೇ ಆಯಿತು.

ನಮ್ಮ ಊರಿಗೆ ಎಂಥ ಕುರ್ಚಿ?

ಆಸ್ಪತ್ರೆಯ ಮಡಚುವ ಕುರ್ಚಿ ಸಿಮೆಂಟ್ ನೆಲಕ್ಕೆ ಸರಿ. ಅದರ ಮುಂದಿನ ಚಕ್ರ ಚಿಕ್ಕದು, ಸಪೂರ. ಹೊಲದ ದಾರಿ, ಚರಂಡಿ ಕಲ್ಲು, ಹಾಡಿಯ ಏರುತಗ್ಗು ಕಂಡರೆ ನಿಂತುಬಿಡುತ್ತದೆ, ಇಲ್ಲವೇ ಮುಗ್ಗರಿಸುತ್ತದೆ. ಒರಟು ದಾರಿಯ ಕುರ್ಚಿಗೆ ಮುಂದಿನ ಚಕ್ರ ದೊಡ್ಡದಾಗಿ, ಅಗಲವಾಗಿರಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಅಂತರ ಹೆಚ್ಚಿದ್ದರೆ ಕುರ್ಚಿ ಮುಂದಕ್ಕೆ ಮಗುಚುವುದಿಲ್ಲ. ತಾವೇ ಗಾಲಿಕುರ್ಚಿ ಬಳಸುವ ಅಮೆರಿಕದ ರಾಲ್ಫ್ ಹಾಚ್‌ಕಿಸ್ ಅವರು ಬೆಳೆಸಿದ 'ರಫ್‌ರೈಡರ್' ಕುರ್ಚಿ ಹೀಗೇ ಇದೆ. ಕೆಲವು ಕಡೆ ಮುಂದೆ ಒಂದೇ ಚಕ್ರವಿರುವ ಮೂರು ಚಕ್ರದ ಕುರ್ಚಿಯೂ ಉಂಟು. ನಮ್ಮೂರ ಸೈಕಲ್ ಶಾಪಿನಲ್ಲಿ ಟಯರ್, ಟ್ಯೂಬ್, ಬೇರಿಂಗ್ ಸಿಗುವಂಥದ್ದನ್ನೇ ಕೇಳಿ.

ಅಳತೆ ತೆಗೆಯುವ ಕ್ರಮ

ವ್ಯಕ್ತಿಯನ್ನು ಗಟ್ಟಿ ಬೆಂಚಿನ ಮೇಲೆ ನೇರವಾಗಿ ಕೂರಿಸಿ. ಟೈಲರ್ ಟೇಪು ಸಾಕು.

1. ಸೊಂಟದ ಅಗಲ: ಸೀಟು ಇಷ್ಟೇ ಅಗಲವಿರಲಿ. "ಬೆಳೀತಾನೆ, ದೊಡ್ಡದೇ ಇರ್ಲಿ" ಎನ್ನಬೇಡಿ. ಅಗಲ ಜಾಸ್ತಿಯಾದರೆ ಮೈ ಒಂದು ಕಡೆ ವಾಲುತ್ತದೆ, ಕೈ ಚಕ್ರಕ್ಕೆ ಎಟುಕುವುದಿಲ್ಲ.
2. ಪೃಷ್ಠದ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗೆ: ಇದರಲ್ಲಿ 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಉದ್ದ. ಮಂಡಿಯ ಹಿಂದೆ ಎರಡು ಬೆರಳು ಆಡುವಷ್ಟು ಜಾಗ ಉಳಿಯಬೇಕು.
3. ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೆ: ಕಾಲುಹಲಗೆಯ ಎತ್ತರ ಇದರಿಂದ ತಿಳಿಯುತ್ತದೆ. ತೊಡೆ ಪೂರ್ತಿ ದಿಂಬಿನ ಮೇಲೆ ಕೂರಬೇಕು. ಕಾಲುಹಲಗೆ ನೆಲದ ಕಲ್ಲಿಗೆ ತಾಗಬಾರದು.
4. ಸೀಟಿನಿಂದ ಪಕ್ಕೆಲುಬಿನ ಕೆಳತುದಿಗೆ, ಮತ್ತು ಹೆಗಲ ಮೂಳೆಯ ಕೆಳತುದಿಗೆ: ತಾವೇ ತಳ್ಳಿಕೊಳ್ಳುವವರಿಗೆ ಒರಗು ತಗ್ಗಾಗಿರಲಿ, ಆಸರೆ ಬೇಕಾದವರಿಗೆ ಎತ್ತರವಿರಲಿ.

ಜೊತೆಗೆ ಮನೆಯ ಬಾಗಿಲು, ಹೊಸ್ತಿಲು, ಶೌಚಾಲಯದ ಬಾಗಿಲಿನ ಅಳತೆಯನ್ನೂ ಬರೆದುಕೊಳ್ಳಿ.

ಎಲ್ಲಿ ಕೇಳಬೇಕು?

ಮೊದಲು ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಾಧನ ಪಡೆಯಲು ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಆದಾಯ ಪತ್ರ ಬೇಕು. ಒಂದು ಮಾತು ನೆನಪಿರಲಿ: ಒಮ್ಮೆ ಪಡೆದರೆ ಅದೇ ಸಾಧನಕ್ಕೆ ಸಾಮಾನ್ಯವಾಗಿ 3 ವರ್ಷ ಮತ್ತೆ ಕೇಳುವಂತಿಲ್ಲ, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ. ಅಂದರೆ ಪುಕ್ಕಟೆ ಸಿಕ್ಕಿತೆಂದು ಹೊಂದದ ಕುರ್ಚಿಗೆ ಹೆಬ್ಬೆಟ್ಟು ಒತ್ತಿದರೆ ಮೂರು ವರ್ಷ ಅದರಲ್ಲೇ ಕೂರಬೇಕು! ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ಪರೀಕ್ಷಿಸಿ ಹೊಂದಿಸಿಕೊಡುವ ತಜ್ಞರಿದ್ದಾರೆ. ಮದ್ರಾಸ್ ಐಐಟಿಯಲ್ಲಿ ರೂಪಿಸಿದ 'ನಿಯೋಫ್ಲೈ' ಕುರ್ಚಿಯನ್ನೂ ಬಳಸುವವರ ಮೈಗೆ ತಕ್ಕಂತೆ ಹೊಂದಿಸುತ್ತಾರೆ.

ಸಂಘ, ಶಾಲೆ, ಹಾಸ್ಟೆಲ್‌ನವರು ತರಿಸುವುದಾದರೆ ಮೊದಲು ಜನರ ಪಟ್ಟಿ ಮತ್ತು ಅಳತೆ, ಆಮೇಲೆ ಆರ್ಡರ್. ಲೆಕ್ಕದಲ್ಲಿ ದಿಂಬು, ಪಂಪು, ಹೆಚ್ಚುವರಿ ಟ್ಯೂಬು ಮತ್ತು ಮನೆಭೇಟಿಯ ಖರ್ಚನ್ನೂ ಸೇರಿಸಿ. ಹತ್ತು ಹೊಂದದ ಕುರ್ಚಿಗಿಂತ ಆರು ಹೊಂದಿದ ಕುರ್ಚಿ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಕುರ್ಚಿ ಕೊಡುವುದು ಒಂದು ದಿನದ ಕೆಲಸವಲ್ಲ. ಪರೀಕ್ಷೆ, ಹೊಂದಿಸುವಿಕೆ, ತರಬೇತಿ, ಮರುಭೇಟಿ, ರಿಪೇರಿ ಎಲ್ಲವೂ ಅದರ ಹಂತಗಳೇ.

ಕುರ್ಚಿ ಬಂದ ದಿನ

ಕೂರಿಸಿ ನೋಡದೆ ಸಹಿ ಹಾಕಬೇಡಿ. ಬೆನ್ನು ನೇರವಿದೆಯೇ? ಪಾದ ಪೂರ್ತಿ ಊರಿದೆಯೇ? ಚಕ್ರದ ಮೇಲ್ತುದಿ ಹಿಡಿದಾಗ ಮೊಣಕೈ ಹೆಚ್ಚುಕಡಿಮೆ ಲಂಬವಾಗಿ ಮಡಚಿದೆಯೇ? ಬ್ರೇಕ್ ಹಿಡಿಯುತ್ತದೆಯೇ? ಅವರನ್ನು ಕೇಳಿ, ಒಪ್ಪಿಗೆ ಪಡೆದು, ಮನೆಯ ಹೆಂಗಸೋ ಗಂಡಸೋ ದಿಂಬಿನ ಮೇಲೆ, ಕೂರುವ ಮೂಳೆಯ ಕೆಳಗೆ ಬೆರಳ ತುದಿ ಇಟ್ಟು ನೋಡಲಿ. ಬೆರಳು ಅರ್ಧ ಸೆಂ.ಮೀ.ನಷ್ಟು ಮೇಲೆ ಕೆಳಗೆ ಆಡಿದರೆ ಸರಿ. ಆಡದೆ, ಸುಲಭವಾಗಿ ಹೊರಬಂದರೆ ಎಚ್ಚರಿಕೆ. ಬಿಗಿಯಾಗಿ ಸಿಕ್ಕಿಕೊಂಡರೆ ಆ ದಿಂಬು ಬೇಡ. ಮೂರು ಮಡಿಕೆ ಕಂಬಳಿ ದಿಂಬಾಗುವುದಿಲ್ಲ.

ಸ್ಪರ್ಶವಿಲ್ಲದವರು ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಒಂದೆರಡು ನಿಮಿಷ ಭಾರ ಇಳಿಸಬೇಕು. ದಿನಾ ರಾತ್ರಿ ಚರ್ಮ ನೋಡಿಕೊಳ್ಳಬೇಕು. ಕೆಂಪು ಅಥವಾ ಕಪ್ಪು ಕಲೆ ಮಾಯದೆ ಉಳಿದರೆ ಅದರ ಮೇಲೆ ಕೂರದೆ ಡಾಕ್ಟರಿಗೆ ತೋರಿಸಿ.

ಆ ಹುಡುಗನಿಗೆ ಮತ್ತೆ ಅಳತೆ ತೆಗೆದು ದೊಡ್ಡ ಮುಂಚಕ್ರದ ಕುರ್ಚಿ ತರಿಸಿದೆವು. ಈಗ ಹಾಲಿನ ಡೈರಿಗೆ ಅವನೇ ಹೋಗುತ್ತಾನೆ. ತಾಯಿ ಕೂಲಿಗೆ ಹೋಗಲು ಶುರುಮಾಡಿದ್ದಾರೆ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಊರಲ್ಲಿ ಮೂಲೆಗೆ ಬಿದ್ದಿರುವ ಗಾಲಿಕುರ್ಚಿಗಳು ಎಷ್ಟು? ಯಾಕೆ ಬಿದ್ದಿವೆ?
- ಪಂಚಾಯ್ತಿಯಲ್ಲಿ ವಿಕಲಚೇತನರಿಗೆಂದು ಮೀಸಲಿಟ್ಟ ಹಣ ಎಲ್ಲಿ ಖರ್ಚಾಯಿತು? ಗ್ರಾಮಸಭೆಯಲ್ಲಿ ಯಾರು ಕೇಳುತ್ತೀರಿ?
- ಮುಂದಿನ ಸಭೆಯೊಳಗೆ ಒಂದು ಮನೆಗೆ ಟೇಪು ಹಿಡಿದು ಹೋಗುವ ಇಬ್ಬರು ಯಾರು?