ಕಚ್ಚಾ ದಾರಿಯ ಟಿಪ್ಪರ್: ಟೈರು ಆಯ್ಕೆಯ ಲೆಕ್ಕಾಚಾರ

ಟಿಪ್ಪರ್ ಲಾರಿ ಕೊಳ್ಳುವಾಗ ಸಾಲದ ಬಡ್ಡಿಯನ್ನು ಕಾಲು ಶೇಕಡಾದವರೆಗೂ ಚೌಕಾಶಿ ಮಾಡುವ ಉದ್ಯಮಿಯು, ಅದೇ ಲಾರಿಗೆ ಟೈರು ಕೊಳ್ಳುವಾಗ ಬೆಲೆಯೊಂದನ್ನೇ ನೋಡುವುದು ಸಾಮಾನ್ಯವಾಗಿದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಾಗಲಿ, ಸಂಡೂರಿನ ಅದಿರು ಗಣಿಯಾಗಲಿ, ಊರ ಹೊರಗಿನ ಜಲ್ಲಿ ಕ್ರಷರ್ ಆಗಲಿ, ಡಾಂಬರಿಲ್ಲದ ದಾರಿಯಲ್ಲಿ ದುಡಿಯುವ ಲಾರಿಗೆ ಟೈರು ಸಣ್ಣ ಖರ್ಚಲ್ಲ. ಆದರೆ ಅದು ‘ರಿಪೇರಿ ಮತ್ತು ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಸೇರಿಹೋಗುವುದರಿಂದ ಅದರಿಂದಾಗುವ ನಷ್ಟವು ಮಾಲೀಕನ ಕಣ್ಣಿಗೆ ಬೀಳುವುದಿಲ್ಲ.

ಮೊದಲು ದಾರಿ, ಅನಂತರ ಟೈರು

ಮೂರು ಆಕ್ಸಲ್‌ಗಳ ಟಿಪ್ಪರ್‌ಗೆ ಹತ್ತು ಟೈರುಗಳು. ಮುಂದಿನ ಎರಡು ದಿಕ್ಕು ತಿರುಗಿಸಲು. ಹಿಂದಿನ ಎಂಟು ಭಾರ ಹೊತ್ತು ತಳ್ಳಲು. ಮುಂದಕ್ಕೆ ಉದ್ದಗೆರೆಯ ರಿಬ್ ಮಾದರಿಯೂ ಹಿಂದಕ್ಕೆ ಆಳವಾದ ಅಡ್ಡಗಟ್ಟುಗಳ ಲಗ್ ಮಾದರಿಯೂ ಸೂಕ್ತ. ಲಗ್ ಟೈರು ಕೆಸರು ಹಾಗೂ ಸಡಿಲ ಜಲ್ಲಿಯಲ್ಲಿ ಹಿಡಿತ ನೀಡುತ್ತದೆ. ಡಾಂಬರಿನ ಮೇಲೆ ಬೇಗನೆ ಬಿಸಿಯಾಗಿ ಸವೆಯುತ್ತದೆ. ದಾರಿಯ ಹೆಚ್ಚು ಪಾಲು ಡಾಂಬರಾಗಿದ್ದರೆ ಸೆಮಿ-ಲಗ್ ಮಾದರಿಯೇ ಮೇಲು.

ರೇಡಿಯಲ್ ಟೈರು ತಂಪಾಗಿ ಓಡುತ್ತದೆ, ಡೀಸೆಲ್ ಉಳಿಸುತ್ತದೆ. ಆದರೆ ಅದರ ಪಕ್ಕದ ಗೋಡೆ ತೆಳು. ನೈಲಾನ್ ಟೈರಿನ ಪಕ್ಕದ ಗೋಡೆ ದಪ್ಪವಾಗಿದ್ದು, ಚೂಪು ಕಲ್ಲಿನ ಕಡಿತವನ್ನು ಹೆಚ್ಚು ತಾಳುತ್ತದೆ.

ಕಿಲೋಮೀಟರಿನ ಲೆಕ್ಕ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ನೈಲಾನ್ ಟೈರಿಗೆ ₹20,000, ರೇಡಿಯಲ್‌ಗೆ ₹26,000. ಒಳ್ಳೆಯ ದಾರಿಯಲ್ಲಿ ಮೊದಲನೆಯದು 25,000 ಕಿ.ಮೀ., ಎರಡನೆಯದು 40,000 ಕಿ.ಮೀ. ಓಡಿದರೆ ಕಿ.ಮೀ.ಗೆ ಕ್ರಮವಾಗಿ 80 ಪೈಸೆ ಮತ್ತು 65 ಪೈಸೆ. ಅದೇ ಟೈರುಗಳು ಚೂಪು ಕಲ್ಲಿನ ಕ್ವಾರಿಯಲ್ಲಿ ದುಡಿದು, ನೈಲಾನ್ 20,000 ಕಿ.ಮೀ.ಗೆ ಸವೆದು, ರೇಡಿಯಲ್ 15,000 ಕಿ.ಮೀ.ಗೇ ಪಕ್ಕ ಹರಿದರೆ, ವೆಚ್ಚವು ₹1 ಮತ್ತು ₹1.73. ಟೈರು ಬದಲಾಗಲಿಲ್ಲ, ದಾರಿ ಬದಲಾಯಿತು. ಆದುದರಿಂದ ನೆರೆಯವರ ಅನುಭವವನ್ನು ಹಾಗೆಯೇ ಎರವಲು ಪಡೆಯುವುದು ಸರಿಯಲ್ಲ.

ಹಿಡಿತದ ಸಾಧನಗಳು

ಒಂದು ಬದಿಯ ಚಕ್ರ ಕೆಸರಿನಲ್ಲಿ ಜಾರಿದಾಗ, ಸಾಮಾನ್ಯ ಡಿಫರೆನ್ಷಿಯಲ್ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲವನ್ನು ನೀಡುತ್ತದೆ; ಲಾರಿ ನಿಂತಲ್ಲೇ ನಿಲ್ಲುತ್ತದೆ. ಡಿಫರೆನ್ಷಿಯಲ್ ಲಾಕ್ ಈ ತೊಡಕನ್ನು ನಿವಾರಿಸುತ್ತದೆ. ಚಕ್ರ ಜಾರಲಾರಂಭಿಸುವ ಮೊದಲೇ, ನಿಧಾನಗತಿಯಲ್ಲಿ ಅದನ್ನು ಹಾಕಬೇಕು. ಗಟ್ಟಿ ನೆಲ ಸಿಕ್ಕೊಡನೆ ತೆಗೆಯಬೇಕು. ಇಲ್ಲವಾದರೆ ಆಕ್ಸಲ್‌ಗೇ ಹಾನಿ. ಲಾರಿಯಲ್ಲಿ ಈ ಸೌಲಭ್ಯವಿದ್ದರೆ, ಹೊಸ ಟೈರು ಕೊಳ್ಳುವ ಮುನ್ನ ಚಾಲಕನಿಗೆ ಅದರ ಬಳಕೆಯನ್ನು ಕಲಿಸುವುದು ಅಗ್ಗದ ಉಪಾಯ. ಮಲೆನಾಡಿನ ಎಸ್ಟೇಟ್ ಜೀಪುಗಳು ಮಳೆಗಾಲದಲ್ಲಿ ಬಳಸುವ ಸರಪಳಿಯು ಕೆಸರಿಗೆ ಉತ್ತಮ. ಗಟ್ಟಿ ದಾರಿಯಲ್ಲಿ ವೇಗವಾಗಿ ಓಡಲು ಅಲ್ಲ.

ಹಿಡಿತಕ್ಕೆಂದು ಗಾಳಿ ಇಳಿಸುವುದು ಹಗುರ ಜೀಪಿಗೆ ಸಲ್ಲಬಹುದು. ಭಾರ ಹೊತ್ತ ಟಿಪ್ಪರ್‌ನಲ್ಲಿ ಟೈರು ಬಿಸಿಯಾಗಿ ಸಿಡಿಯುವ ಅಪಾಯವಿದೆ. ಜೋಡಿ ಟೈರುಗಳಲ್ಲಿ ಒಂದರ ಗಾಳಿ ಕಡಿಮೆಯಾದರೆ ಇನ್ನೊಂದು ಅದರ ಭಾರವನ್ನೂ ಹೊರುತ್ತದೆ. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗ ಅಳೆಯಬೇಕು. ಜೋಡಿಯ ನಡುವೆ ಸಿಕ್ಕಿದ ಕಲ್ಲನ್ನು ತೆಗೆಯಬೇಕು.

ಲೆಕ್ಕಪುಸ್ತಕದಲ್ಲಿ

ಪ್ರತಿ ಟೈರಿಗೂ ಸಂಖ್ಯೆ ನೀಡಿ, ಹಾಕಿದ ದಿನ, ಓಡಿದ ಕಿ.ಮೀ., ರೀಟ್ರೆಡ್ ಖರ್ಚು, ತೆಗೆದ ಕಾರಣ ಇವನ್ನು ಬರೆದಿಡಿರಿ. ಸವೆದು ಹೋದ ಟೈರುಗಳಿಗಿಂತ ಹರಿದು ಹೋದವು ಹೆಚ್ಚಿದ್ದರೆ, ದೋಷವನ್ನು ಮೊದಲು ದಾರಿಯಲ್ಲಿ ಹುಡುಕಬೇಕು. ಲೋಡಿಂಗ್ ಸ್ಥಳದಲ್ಲಿ ಚೆಲ್ಲಿದ ಕಲ್ಲನ್ನು ಗುಡಿಸುವ ಕೂಲಿ ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆ.

2025ರ ಸೆಪ್ಟೆಂಬರ್ 22ರಿಂದ ಲಾರಿ ಟೈರಿನ ಜಿಎಸ್‌ಟಿ ದರವು ಶೇ. 28ರಿಂದ 18ಕ್ಕೆ ಇಳಿದಿದೆ. ಹೂಡುವಳಿ ತೆರಿಗೆ ಜಮೆಗೆ ಅರ್ಹರಾದವರು ತೆರಿಗೆ ಹೊರತಾದ ಬೆಲೆಯನ್ನೂ, ಅರ್ಹರಲ್ಲದವರು ತೆರಿಗೆ ಸಹಿತ ಬೆಲೆಯನ್ನೂ ಹೋಲಿಸತಕ್ಕದ್ದು.

ಕೊನೆಯದಾಗಿ, 2018ರ ಅಧಿಸೂಚನೆಯು ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಅದನ್ನೂ ಮೀರಿ ತುಂಬಿದ ಲೋಡಿನ ಲಾಭವನ್ನು ಟೈರು ಮೌನವಾಗಿ ತಿಂದುಹಾಕುತ್ತದೆ. ಇಳಿಜಾರಿನಲ್ಲಿ ಸವೆದ ಟೈರು ಜಾರಿದರೆ ತೆರಬೇಕಾದ ಬೆಲೆಯಂತೂ ಚಾಲಕನ ಪ್ರಾಣ. ಅದಕ್ಕೆ ಯಾವ ಪುಸ್ತಕದಲ್ಲಿಯೂ ಜಮೆಯಿಲ್ಲ.