‘ಮಿಥ್ಯ’ ನೋಡುವಾಗ ಮಗುವಿನ ಪಕ್ಕ ಕೂರಿ

ಮುಂಬಯಿ ಬಿಟ್ಟು ಹಂಗಾರಕಟ್ಟೆ ಕಡೆಗೆ ವಾಪಸಾಗುವ ಸಂಸಾರಗಳು ಹೊಸತೇನಲ್ಲ. ಅಪ್ಪ–ಅಮ್ಮನ ಲೆಕ್ಕದಲ್ಲಿ ಅದು ಊರಿಗೆ ಬಂದದ್ದು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಗುವಿಗೆ ಊರು ಬಿಟ್ಟು ಬಂದದ್ದು. ಶಾಲೆಯಲ್ಲಿ ಅದರ ಮಾತು ಕೇಳಿ ಮಕ್ಕಳು ನಗುತ್ತಾರೆ, ಮನೆಗೆ ಬಂದ ನೆಂಟರು ‘ನಮ್ ಭಾಷೆ ಬತ್ತಿಲ್ಯಾ?’ ಎನ್ನುತ್ತಾರೆ. ಆ ಮಗು ಮೊಬೈಲಿನಲ್ಲಿ ತನ್ನ ವಯಸ್ಸಿನವರ ಕಥೆ ನೋಡುತ್ತ ಕೂತರೆ ಕಿತ್ತುಕೊಳ್ಳುವ ಮೊದಲು ಏನು ನೋಡುತ್ತಿದೆ ಎಂದು ತಿಳಿದುಕೊಳ್ಳಿ.

ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ 2025ರಲ್ಲಿ ತೆರೆಕಂಡಿತು. ಹೆತ್ತವರನ್ನು ಕಳೆದುಕೊಂಡ ಹನ್ನೊಂದರ ಹುಡುಗನೊಬ್ಬ ಮುಂಬಯಿಯಿಂದ ಉಡುಪಿಯ ನೆಂಟರ ಮನೆಗೆ ಬಂದು ನೆಲೆಯಾಗುವ ಕಷ್ಟ ಅದರಲ್ಲಿದೆ. ಅವನನ್ನು ಸಾಕುವವರು ಕೆಟ್ಟವರಲ್ಲ. ಆದರೂ ಅವನಿಗೆ ಆ ಮನೆ ಬೇಗ ತನ್ನದಾಗುವುದಿಲ್ಲ. ಪ್ರೀತಿ ಇದ್ದ ಮನೆಯಲ್ಲೂ ಮಗು ಪರಕೀಯವಾಗಿ ಉಳಿಯಬಹುದು ಎಂಬುದನ್ನು ಇಷ್ಟು ನಿಧಾನವಾಗಿ, ಉಪದೇಶವಿಲ್ಲದೆ ತೋರಿಸಿದ ಕನ್ನಡ ಚಿತ್ರಗಳು ಕಡಿಮೆ. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ ಮಾತ್ರ ಸ್ವಲ್ಪ ಕಾಲ ಬಿಟ್ಟು ತೋರಿಸಿ.

ಸಿನಿಮಾ ಮುಗಿದ ಕೂಡಲೇ ‘ಇದರಿಂದ ಏನು ಕಲಿತೆ?’ ಎಂದು ಕೇಳಿದರೆ ಮಗುವಿನ ಬಾಯಿ ಕಟ್ಟಿಹೋಗುತ್ತದೆ. ಮರುದಿನ ಬಂಗುಡೆ ಕೊಯ್ಯುವಾಗಲೋ, ಬಾರ್ಜಿನಲ್ಲಿ ಕೋಡಿಬೆಂಗ್ರೆಗೆ ದಾಟುವಾಗಲೋ ‘ಆ ಮಾಣಿ ಸುಮ್ನೆ ಕೂಕಂಡದ್ದ್ ಎಂತಕ್?’ ಎಂದಷ್ಟೇ ಕೇಳಿ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಮಕ್ಕಳು ನೀರು ನೋಡುತ್ತ ಹೇಳುತ್ತಾರೆ. ಪಾತ್ರದ ಬಗ್ಗೆ ಶುರುವಾದ ಮಾತು ತನ್ನ ಶಾಲೆಗೆ, ತನ್ನ ಬೆಂಚಿಗೆ ಬಂದಾಗ ತಿದ್ದಲು ಹೋಗಬೇಡಿ. ‘ಅಷ್ಟಕ್ಕೆಲ್ಲ ಬೇಜಾರಾ?’ ಎಂಬ ಒಂದು ಮಾತು ಸಾಕು, ಮತ್ತೆ ಅದು ಹೇಳುವುದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳೊಂದಿಗೆ ‘ಡೇರ್‌ಡೆವಿಲ್ ಮುಸ್ತಾಫಾ’ (2023) ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಕಾಲೇಜಿಗೆ ಸೇರಿದ ಒಬ್ಬ ಮುಸ್ಲಿಂ ಹುಡುಗನನ್ನು ಉಳಿದವರು ಮೊದಲು ಹೇಗೆ ಕಾಣುತ್ತಾರೆ ಎಂಬುದು ಅದರ ಜೀವಾಳ. ನಿಮ್ಮ ಮಗು ನೋಯುವ ಕಡೆಯಲ್ಲಿದೆಯೋ, ನೋಯಿಸುವ ಕಡೆಯಲ್ಲೋ ಎಂದು ಯೋಚಿಸಲು ಅದೊಂದು ದಾರಿ. ನಮ್ಮ ಕುಂದಾಪುರ ಸೀಮೆಯ ಕೆರಾಡಿಯ ರಿಷಬ್ ಶೆಟ್ಟಿ 2018ರಲ್ಲಿ ಮಾಡಿದ ಕಾಸರಗೋಡಿನ ಕನ್ನಡ ಶಾಲೆಯ ಚಿತ್ರವಂತೂ ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು.

ಒಟಿಟಿಯಲ್ಲಿ ಶುರುವಿಗೆ ಕಾಣುವ 7+, 13+, 16+ ಗುರುತು 2021ರ ಕೇಂದ್ರ ನಿಯಮದಂತೆ ಹಾಕುವಂಥದ್ದು. 13+ ಮತ್ತು ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕೆಂದೂ ಆ ನಿಯಮ ಹೇಳುತ್ತದೆ. ಬೀಗ ಹಾಕಿ, ಆದರೆ ಪಕ್ಕ ಕೂರುವುದನ್ನು ಬಿಡಬೇಡಿ.

ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ–ನಿದ್ದೆ ಕೆಟ್ಟು ಶಾಲೆಗೆ ಹೋಗಲೊಲ್ಲದಿದ್ದರೆ ಸಿನಿಮಾವನ್ನು ದೂರುತ್ತ ಕೂರಬೇಡಿ. ಸರ್ಕಾರದ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.