ಬೆಳಕಿನ ಎಳೆಗಳು

1841ರ ಸುಮಾರಿಗೆ ಜಿನೀವಾ ನಗರದಲ್ಲಿ ಡೇನಿಯಲ್ ಕಾಲಡನ್ ಎಂಬ ವಿಜ್ಞಾನಿಯು ತಮ್ಮ ಶ್ರೋತೃಗಳ ಮುಂದೆ ಒಂದು ವಿಸ್ಮಯಕರವಾದ ಪ್ರಯೋಗವನ್ನು ಮಾಡಿ ತೋರಿಸಿದರು. ನೀರು ತುಂಬಿದ ತೊಟ್ಟಿಯೊಂದರ ಪಕ್ಕದಲ್ಲಿದ್ದ ರಂಧ್ರದಿಂದ ನೀರಿನ ಧಾರೆಯು ಬಿಲ್ಲಿನಂತೆ ಬಾಗಿ ಕೆಳಗೆ ಬೀಳುತ್ತಿತ್ತು. ಕತ್ತಲೆಯ ಕೋಣೆಯಲ್ಲಿ ತೊಟ್ಟಿಯ ಹಿಂಬದಿಯಿಂದ ಆ ರಂಧ್ರದ ಕಡೆಗೆ ಬೆಳಕನ್ನು ಹಾಯಿಸಿದಾಗ, ನೇರವಾಗಿ ಸಾಗಬೇಕಾದ ಬೆಳಕು ಧಾರೆಯೊಡನೆ ತಾನೂ ಬಾಗಿ ಕೆಳಗಿಳಿಯಿತು. ಅಂದು ಅದು ನೋಡುವವರ ಮನಸ್ಸನ್ನು ರಂಜಿಸುವ ಪ್ರಯೋಗವಾಗಿತ್ತು, ಅಷ್ಟೆ. ಆದರೆ ಇಂದು ಜಗತ್ತಿನ ದೂರವಾಣಿ ಮಾತುಗಳೂ ಪತ್ರಗಳೂ ಚಿತ್ರಗಳೂ ಬಹುಪಾಲು ಅದೇ ತತ್ತ್ವದ ಬಲದಿಂದ ಊರಿನಿಂದ ಊರಿಗೆ, ಖಂಡದಿಂದ ಖಂಡಕ್ಕೆ ಸಂಚರಿಸುತ್ತಿವೆ.

ಆ ತತ್ತ್ವದ ಹೆಸರು ಸಂಪೂರ್ಣ ಆಂತರಿಕ ಪ್ರತಿಫಲನ. ಬೆಳಕು ನೀರು ಅಥವಾ ಗಾಜಿನಂತಹ ಸಾಂದ್ರ ಮಾಧ್ಯಮದಿಂದ ಗಾಳಿಯಂತಹ ವಿರಳ ಮಾಧ್ಯಮಕ್ಕೆ ಹೊರಡುವಾಗ, ಅದು ಗಡಿಯನ್ನು ಮುಟ್ಟುವ ಕೋನವು ಒಂದು ಮಿತಿಯನ್ನು ಮೀರಿದರೆ ಹೊರಕ್ಕೆ ಹೋಗಲಾರದು. ಕನ್ನಡಿಗೆ ತಾಗಿದಂತೆ ಮತ್ತೆ ಒಳಕ್ಕೇ ಮರಳುತ್ತದೆ. ಹೀಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ಬೆಳಕು ಬಾಗಿದ ದಾರಿಯಲ್ಲಿಯೂ ಮುಂದೆ ಸಾಗಬಲ್ಲದು.

ನೀರಿನ ಧಾರೆಯ ಬದಲು ಗಾಜಿನ ಸೂಕ್ಷ್ಮವಾದ ಎಳೆಗಳನ್ನು ಬಳಸುವ ಪ್ರಯತ್ನದಲ್ಲಿ ಭಾರತೀಯರೊಬ್ಬರ ಪಾತ್ರ ಗಣನೀಯವಾದುದು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಸಂಶೋಧನೆ ನಡೆಸಿದರು. ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಇಬ್ಬರೂ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈದ್ಯರು ರೋಗಿಯ ಜಠರದ ಒಳಭಾಗವನ್ನು ನೋಡುವ ಉಪಕರಣಗಳಿಗೆ ಇದು ದಾರಿ ಮಾಡಿತು. ಆದರೆ ಬೆಳಕನ್ನು ಬಹು ದೂರಕ್ಕೆ ಒಯ್ಯುವ ಸಮಸ್ಯೆ ಹಾಗೆಯೇ ಉಳಿಯಿತು. ಅಂದಿನ ಗಾಜಿನಲ್ಲಿ ಕೆಲವೇ ಮೀಟರುಗಳು ಸಾಗುವಷ್ಟರಲ್ಲಿ ಬೆಳಕು ಕ್ಷೀಣಿಸಿಬಿಡುತ್ತಿತ್ತು.

ಈ ದೋಷವು ಗಾಜಿನ ಸ್ವಭಾವದ್ದಲ್ಲ, ಅದರಲ್ಲಿ ಸೇರಿಕೊಂಡಿರುವ ಕಲ್ಮಶಗಳದ್ದು ಎಂದು ತೋರಿಸಿದವರು ಚಾರ್ಲ್ಸ್ ಕಾವ್. 1933ರಲ್ಲಿ ಷಾಂಘೈಯಲ್ಲಿ ಜನಿಸಿದ ಅವರು ಇಂಗ್ಲೆಂಡಿನ ಹಾರ್ಲೋ ಎಂಬಲ್ಲಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿದರೆ ಗಾಜಿನ ಎಳೆಯು ವಾರ್ತಾ ಸಂಪರ್ಕಕ್ಕೆ ಯೋಗ್ಯವಾಗುವುದೆಂದೂ, ಶುದ್ಧವಾದ ಗಾಜಿನಿಂದ ಇದು ಸಾಧ್ಯವೆಂದೂ ಅವರು ಜಾರ್ಜ್ ಹಾಕ್‌ಹ್ಯಾಮ್ ಅವರೊಡನೆ 1966ರಲ್ಲಿ ಪ್ರತಿಪಾದಿಸಿದರು. ಬೆಳಕಿನ ಈ ನಷ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ನೂರರಲ್ಲಿ ಒಂದು ಪಾಲು ಉಳಿಯುವುದೆಂದರೆ 20 ಡೆಸಿಬೆಲ್ ನಷ್ಟ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮಾರರ್, ಕೆಕ್ ಮತ್ತು ಷುಲ್ಟ್ಸ್ ಎಂಬ ಮೂವರು ವಿಜ್ಞಾನಿಗಳು ಕಿಲೋಮೀಟರಿಗೆ 17 ಡೆಸಿಬೆಲ್ ಮಾತ್ರ ನಷ್ಟವಾಗುವ ಎಳೆಯನ್ನು ತಯಾರಿಸಿದರು. ಇಂದಿನ ಉತ್ತಮ ಎಳೆಗಳಲ್ಲಿ ಈ ನಷ್ಟವು ಸುಮಾರು 0.2 ಡೆಸಿಬೆಲಿಗೆ ಇಳಿದಿದೆ. ಎಂದರೆ, ಒಂದು ಕಿಲೋಮೀಟರಿನ ಕೊನೆಗೆ ಉಳಿಯಲೆಂದು ಕಾವ್ ಬಯಸಿದ ಬೆಳಕು ಇಂದು ನೂರು ಕಿಲೋಮೀಟರಿನ ಕೊನೆಗೂ ಉಳಿಯುತ್ತದೆ. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ವೇಳೆಗೆ ಮರೆವಿನ ರೋಗಕ್ಕೆ ಈಡಾಗಿದ್ದ ಅವರ ಪರವಾಗಿ ಪತ್ನಿ ಗ್ವೆನ್ ಅವರು ನೊಬೆಲ್ ಉಪನ್ಯಾಸವನ್ನು ನೀಡಿದರು. ಜಗತ್ತಿನ ನೆನಪುಗಳನ್ನೆಲ್ಲ ಹೊತ್ತೊಯ್ಯುವ ದಾರಿಯನ್ನು ತೋರಿದವರಿಗೆ ತಮ್ಮ ನೆನಪೇ ಉಳಿಯದಿದ್ದುದು ವಿಧಿಯ ವಿಪರ್ಯಾಸ.

ಭಾರತದಲ್ಲಿ ಸ್ಥಳೀಯ ದೂರವಾಣಿ ಕೇಂದ್ರಗಳನ್ನು ಕೂಡಿಸುವ ಮೊದಲ ದ್ಯುತಿತಂತು ವ್ಯವಸ್ಥೆಯು 1979ರಲ್ಲಿ ಪುಣೆಯಲ್ಲಿ ಆರಂಭವಾಯಿತು. 1988ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ದ್ಯುತಿತಂತು ಕೇಬಲ್ ಕಾರ್ಯಾರಂಭ ಮಾಡಿತು. ಇಂದು ಈ ಎಳೆಗಳು ಅತ್ಯಂತ ದಟ್ಟವಾಗಿ ಕೂಡುವ ಸ್ಥಳವೆಂದರೆ ದತ್ತಾಂಶ ಕೇಂದ್ರ. ಸಾವಿರಾರು ಗಣಕಯಂತ್ರಗಳನ್ನು ಕಪಾಟುಗಳಲ್ಲಿ ಸಾಲಾಗಿ ಜೋಡಿಸಿ, ಹಗಲಿರುಳೂ ತಂಪಾದ ಗಾಳಿಯನ್ನು ಹಾಯಿಸುವ ಭವನವದು. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ ಎಲ್ಲವೂ ಇಂತಹ ಭವನಗಳಲ್ಲಿ ನೆಲೆಸಿರುತ್ತವೆ. ಅಲ್ಲಿ ಒಂದು ಎಳೆ ಕಡಿದರೆ ಎಲ್ಲೋ ದೂರದ ಊರಿನ ಜನರ ಕೆಲಸ ನಿಂತುಹೋಗಬಹುದು. ಆದುದರಿಂದ ಯಾವ ಕೇಬಲನ್ನು ಆರಿಸಬೇಕೆಂಬುದು ಅಂಗಡಿಯ ಬೆಲೆಪಟ್ಟಿಯನ್ನು ನೋಡಿ ತೀರ್ಮಾನಿಸುವ ವಿಷಯವಲ್ಲ.

ಆಯ್ಕೆಯ ಮೊದಲ ಪ್ರಶ್ನೆ ದೂರ. ಪ್ರತಿಯೊಂದು ದ್ಯುತಿತಂತುವಿನಲ್ಲೂ ನಡುವೆ ಒಂದು ತಿರುಳು, ಅದರ ಸುತ್ತ ಬೇರೆ ಗುಣದ ಗಾಜಿನ ಹೊದಿಕೆ ಇರುತ್ತವೆ. ಹೊದಿಕೆಯೂ ಸೇರಿ ಎಳೆಯ ವ್ಯಾಸ 125 ಮೈಕ್ರಾನು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮಲ್ಟಿಮೋಡ್ ಎಂಬ ಬಗೆಯ ಎಳೆಯಲ್ಲಿ ತಿರುಳು ಸಾಮಾನ್ಯವಾಗಿ 50 ಮೈಕ್ರಾನು ಅಗಲವಾಗಿದ್ದರೆ, ಸಿಂಗಲ್ ಮೋಡ್ ಎಂಬುದರಲ್ಲಿ ಅದು ಸುಮಾರು 9 ಮೈಕ್ರಾನು ಮಾತ್ರ. ಶಾಲೆ ಬಿಟ್ಟೊಡನೆ ಮಕ್ಕಳು ಅಗಲವಾದ ಬೀದಿಯಲ್ಲಿ ಹೊರಟರೆ ಒಬ್ಬರು ನೇರವಾಗಿ, ಒಬ್ಬರು ಅತ್ತಿತ್ತ ಸುಳಿದು, ಬೇರೆ ಬೇರೆ ವೇಳೆಗೆ ಊರು ಸೇರುತ್ತಾರೆ. ಗದ್ದೆಯ ಬದುವಿನ ಮೇಲೆ ಹೊರಟರೆ ಒಬ್ಬರ ಹಿಂದೆ ಒಬ್ಬರು ಕ್ರಮವಾಗಿ ನಡೆಯಲೇಬೇಕು. ಬೆಳಕಿನ ಸ್ಥಿತಿಯೂ ಇದೇ. ಅಗಲವಾದ ತಿರುಳಿನಲ್ಲಿ ಬೆಳಕಿನ ಸಂಕೇತವು ಹಲವು ದಾರಿ ಹಿಡಿದು, ದೂರ ಹೋದಂತೆಲ್ಲ ಚದುರಿ, ಹಿಂದಿನ ಸಂಕೇತವೂ ಮುಂದಿನದೂ ಒಂದರೊಳಗೊಂದು ಬೆರೆತುಹೋಗುತ್ತವೆ.

ವೇಗ ಹೆಚ್ಚಿದಷ್ಟೂ ಈ ತೊಡಕು ಹೆಚ್ಚುತ್ತದೆ. ಓಎಂ-4 ಎಂಬ ಉತ್ತಮ ದರ್ಜೆಯ ಮಲ್ಟಿಮೋಡ್ ಎಳೆಗಳಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ವೇಗದ ಸಂಪರ್ಕವು 400 ಮೀಟರುಗಳವರೆಗೆ ಸಾಗಬಲ್ಲದು. ನಾಲ್ಕು ಜೊತೆ ಎಳೆಗಳನ್ನು ಬಳಸುವ 100 ಗಿಗಾಬಿಟ್ ಸಂಪರ್ಕವು 100 ಮೀಟರುಗಳಿಗೇ ನಿಲ್ಲುತ್ತದೆ. ಸಿಂಗಲ್ ಮೋಡ್ ಎಳೆಯಾದರೋ ಹತ್ತಾರು ಕಿಲೋಮೀಟರು ಸಾಗಿಸುತ್ತದೆ. ಆದರೆ ಅದರ ಕಿರಿದಾದ ತಿರುಳಿಗೆ ಬೆಳಕನ್ನು ಗುರಿಯಿಟ್ಟು ತುಂಬುವ ಉಪಕರಣವು ಹೆಚ್ಚು ನಿಖರವಾಗಿರಬೇಕಾಗುತ್ತದೆ; ಆದುದರಿಂದ ಅದರ ಬೆಲೆಯೂ ಹೆಚ್ಚು. ಒಂದೇ ಕೋಣೆಯೊಳಗೆ ಮಲ್ಟಿಮೋಡ್, ಊರಿನಿಂದ ಊರಿಗೆ ಸಿಂಗಲ್ ಮೋಡ್ ಎಂಬುದು ಹಳೆಯ ರೂಢಿ. ಭವನಗಳು ಹಿಗ್ಗಿ ವೇಗಗಳು ಏರಿದಂತೆ ದೊಡ್ಡ ದತ್ತಾಂಶ ಕೇಂದ್ರಗಳ ಒಳಗೂ ಸಿಂಗಲ್ ಮೋಡ್ ಎಳೆಗಳ ಬಳಕೆ ಹೆಚ್ಚುತ್ತಿದೆ.

ಎರಡನೆಯ ಪ್ರಶ್ನೆ ಸ್ಥಳ. ಯಂತ್ರಗಳು ಸಾವಿರಾರಾದಾಗ ಎಳೆಗಳು ಹತ್ತಾರು ಸಾವಿರವಾಗುತ್ತವೆ. ದಪ್ಪ ಕೇಬಲುಗಳ ರಾಶಿಯು ನೆಲದಡಿಯ ಗಾಳಿಯ ದಾರಿಯನ್ನು ಮುಚ್ಚಿದರೆ ಯಂತ್ರಗಳು ಕಾದು ಕೆಡುತ್ತವೆ. ಆದುದರಿಂದ ಕಡಿಮೆ ಜಾಗದಲ್ಲಿ ಹೆಚ್ಚು ಎಳೆಗಳನ್ನು ಅಡಕಗೊಳಿಸುವ ಉಪಾಯಗಳು ಹುಟ್ಟಿಕೊಂಡವು. ಎಳೆಯ ಮೇಲಿನ ರಕ್ಷಕ ಲೇಪವನ್ನು ತೆಳುಗೊಳಿಸಿ ಒಟ್ಟು ವ್ಯಾಸವನ್ನು 250ರಿಂದ 200 ಮೈಕ್ರಾನಿಗೆ ಇಳಿಸಿದರೆ, ಪ್ರತಿಯೊಂದು ಎಳೆಯ ಅಡ್ಡಕೊಯ್ತದ ಕ್ಷೇತ್ರಫಲವು ನೂರಕ್ಕೆ 36 ಭಾಗದಷ್ಟು ಕಡಿಮೆಯಾಗುತ್ತದೆ. ಹನ್ನೆರಡು ಎಳೆಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿ ಪಟ್ಟಿಯಾಗಿ ಮಾಡುವುದು ಇನ್ನೊಂದು ವಿಧಾನ. ಅಲ್ಲಲ್ಲಿ ಮಾತ್ರ ಅಂಟಿಸಿದ ಪಟ್ಟಿಯನ್ನು ಚಾಪೆಯಂತೆ ಸುರುಳಿ ಸುತ್ತಬಹುದು. ಈ ಉಪಾಯಗಳಿಂದ 3,456 ಎಳೆಗಳ ಕೇಬಲುಗಳೂ 6,912 ಎಳೆಗಳ ಕೇಬಲುಗಳೂ ತಯಾರಾಗಿವೆ.

ಪಟ್ಟಿಯಿಂದ ಕಾಲವೂ ಉಳಿಯುತ್ತದೆ. ಎರಡು ಕೇಬಲುಗಳನ್ನು ಕೂಡಿಸಲು ಗಾಜಿನ ತುದಿಗಳನ್ನು ವಿದ್ಯುತ್ ಕಿಡಿಯ ಶಾಖದಿಂದ ಕರಗಿಸಿ ಬೆಸೆಯಬೇಕು. ಒಂದು ಎಳೆಯ ಬೆಸುಗೆಗೆ ಐದು ನಿಮಿಷವೆಂದು ಭಾವಿಸಿದರೆ 3,456 ಎಳೆಗಳಿಗೆ 288 ಗಂಟೆಗಳು ಬೇಕು. ಪಟ್ಟಿಯಾದರೆ ಹನ್ನೆರಡು ಎಳೆಗಳನ್ನು ಒಮ್ಮೆಗೇ ಬೆಸೆಯಬಹುದು. ಒಂದು ಪಟ್ಟಿಗೆ ಹತ್ತು ನಿಮಿಷವೆಂದು ಇಟ್ಟುಕೊಂಡರೂ 288 ಪಟ್ಟಿಗಳಿಗೆ 48 ಗಂಟೆಗಳು ಸಾಕು. ಕಡಿದುಹೋದ ಕೇಬಲನ್ನು ದುರಸ್ತಿ ಮಾಡುವಾಗ ಈ ಅಂತರದ ಬೆಲೆ ತಿಳಿಯುತ್ತದೆ.

ಕಪಾಟಿನಲ್ಲಿಯೂ ಇದೇ ಮಿತವ್ಯಯವುಂಟು. ಎಲ್‌ಸಿ ಎಂಬ ಚಿಕ್ಕ ಜೋಡಕಗಳನ್ನು ಬಳಸಿ ಒಂದೂಮುಕ್ಕಾಲು ಅಂಗುಲ ಎತ್ತರದ ಫಲಕದಲ್ಲಿ 144 ಎಳೆಗಳನ್ನು ಕೂಡಿಸಬಹುದು. ಎಂಪಿಓ ಎಂಬ ಜೋಡಕವು ಒಂದರಲ್ಲಿಯೇ ಸಾಮಾನ್ಯವಾಗಿ ಹನ್ನೆರಡು ಎಳೆಗಳನ್ನು ಹಿಡಿಯುತ್ತದೆ. ಆದರೆ ದಟ್ಟಣೆಯೊಂದೇ ಗುಣವಲ್ಲ. ಕೆಲಸಗಾರನ ಬೆರಳು ತೂರದಷ್ಟು ಇಕ್ಕಟ್ಟಾದರೆ ಒಂದನ್ನು ಬಿಚ್ಚಲು ಹೋಗಿ ನೆರೆಯ ಇನ್ನೊಂದನ್ನು ಕದಲಿಸುವ ಅಪಾಯವಿದೆ. ಆದುದರಿಂದ ಎಳೆಗಳಿಗೆ ಬಣ್ಣದ ಕ್ರಮವನ್ನೂ ತುದಿಗಳಿಗೆ ಹೆಸರುಪಟ್ಟಿಯನ್ನೂ ತಪ್ಪದೆ ಇಡಬೇಕು. ಒಂದು ಯಂತ್ರದಿಂದ ಹೊರಡುವ ಎಳೆಯು ಇನ್ನೊಂದರ ಸ್ವೀಕರಿಸುವ ಬದಿಗೇ ಸೇರಬೇಕು. ಇದು ತಪ್ಪಿದರೆ ಎಲ್ಲ ಭಾಗಗಳೂ ಸರಿಯಾಗಿದ್ದರೂ ಸಂಪರ್ಕವು ಏರ್ಪಡುವುದಿಲ್ಲ.

ಮೂರನೆಯ ಪ್ರಶ್ನೆ ನಷ್ಟದ ಲೆಕ್ಕ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ಗೃಹಿಣಿಯು ಪ್ರತಿಯೊಂದು ಖರ್ಚನ್ನೂ ಮೊದಲೇ ಲೆಕ್ಕ ಹಾಕುವಂತೆ ತಂತ್ರಜ್ಞನು ಬೆಳಕಿನ ಖರ್ಚನ್ನು ಲೆಕ್ಕ ಹಾಕಬೇಕು. ಮೇಲೆ ಹೇಳಿದ 100 ಗಿಗಾಬಿಟ್ ಸಂಪರ್ಕದಲ್ಲಿ 100 ಮೀಟರು ಓಎಂ-4 ಕೇಬಲಿಗೆ ಸಲ್ಲುವ ಒಟ್ಟು ನಷ್ಟ 1.9 ಡೆಸಿಬೆಲ್, ಅದರಲ್ಲಿ ಜೋಡಣೆಗಳ ಪಾಲು 1.5 ಡೆಸಿಬೆಲ್. ಪ್ರತಿಯೊಂದು ಜೋಡಣೆಯೂ 0.75 ಡೆಸಿಬೆಲ್ ನುಂಗುವುದಾದರೆ ದಾರಿಯಲ್ಲಿ ಎರಡೇ ಜೋಡಣೆಗಳಿಗೆ ಅವಕಾಶ. 0.35 ಡೆಸಿಬೆಲ್ ಮಾತ್ರ ನುಂಗುವ ಉತ್ತಮ ಜೋಡಕಗಳನ್ನು ಆರಿಸಿದರೆ ನಾಲ್ಕು ಜೋಡಣೆಗಳನ್ನು ಇಡಬಹುದು. ಕೊಳ್ಳುವಾಗ ಅಗ್ಗವೆಂದು ತಂದದ್ದು ವ್ಯವಸ್ಥೆ ಬೆಳೆಯುವಾಗ ಹೇಗೆ ಅಡ್ಡಿಯಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕನೆಯದು ಕೇಬಲು ಹಾದುಹೋಗುವ ದಾರಿ. ಎಳೆಯನ್ನು ಅತಿಯಾಗಿ ಬಾಗಿಸಿದರೆ ಬೆಳಕು ಗಡಿಯನ್ನು ಮುಟ್ಟುವ ಕೋನ ಕೆಟ್ಟು ಹೊರಕ್ಕೆ ಸೋರುತ್ತದೆ. ಸಾಮಾನ್ಯ ಸಿಂಗಲ್ ಮೋಡ್ ಎಳೆಗೆ 30 ಮಿಲಿಮೀಟರು ತ್ರಿಜ್ಯದ ಬಾಗು ಮಿತಿಯಾದರೆ, ಇಕ್ಕಟ್ಟಾದ ಸ್ಥಳಗಳಿಗೆಂದೇ ರೂಪಿಸಿದ ಎಳೆಗಳು 10 ಅಥವಾ 7.5 ಮಿಲಿಮೀಟರು ತ್ರಿಜ್ಯವನ್ನೂ ಸಹಿಸುತ್ತವೆ. ಭವನದೊಳಗಿನ ಕೇಬಲಿನ ಹೊರಕವಚವು ಬೆಂಕಿ ತಗುಲಿದಾಗ ವಿಷದ ಹೊಗೆಯನ್ನು ಕಾರಬಾರದು. ಪಿವಿಸಿ ಉರಿದರೆ ಕಣ್ಣನ್ನೂ ಶ್ವಾಸಕೋಶವನ್ನೂ ಬಾಧಿಸುವ ಆಮ್ಲದ ಅನಿಲ ಹೊರಡುತ್ತದೆ. ಆದುದರಿಂದ ಜನರಿರುವೆಡೆ ಕಡಿಮೆ ಹೊಗೆಯ ಕವಚವನ್ನು ಆರಿಸುತ್ತಾರೆ. ಮಣ್ಣಿನಡಿ ಹೋಗುವ ಕೇಬಲಿಗೆ ನೀರು ಇಳಿಯದಂತೆ ತಡೆಯೂ, ಇಲಿ ಹೆಗ್ಗಣಗಳ ಹಲ್ಲಿಗೆ ಸಿಕ್ಕದಂತೆ ಉಕ್ಕಿನ ಕವಚವೂ ಬೇಕು. ನೆಲ ಅಗೆಯುವ ಖರ್ಚು ಕೇಬಲಿನ ಬೆಲೆಗಿಂತ ಹೆಚ್ಚಾಗಿರುವುದುಂಟು. ಆದುದರಿಂದ ದೂರದೃಷ್ಟಿಯುಳ್ಳವರು ಒಮ್ಮೆ ಅಗೆದಾಗಲೇ ನಾಳಿನ ಅಗತ್ಯಕ್ಕೆಂದು ಹೆಚ್ಚಿನ ಎಳೆಗಳನ್ನು ಹೂಳಿಡುತ್ತಾರೆ.

ಇಷ್ಟೆಲ್ಲ ವಿವೇಕದಿಂದ ಆರಿಸಿದ ಕೇಬಲನ್ನು ಕೆಡಿಸಲು ಒಂದು ಧೂಳಿನ ಕಣ ಸಾಕು. 9 ಮೈಕ್ರಾನು ಅಗಲದ ತಿರುಳಿನ ಮೇಲೆ ಕೆಲವೇ ಮೈಕ್ರಾನುಗಳ ಕಣವೊಂದು ಕುಳಿತರೆ ಬೆಳಕಿನ ಬಹುಭಾಗಕ್ಕೆ ತಡೆಯಾಗುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಿದರೆ ಅಂಟುವ ಜಿಡ್ಡೂ ಇದೇ ಹಾನಿಯನ್ನು ಮಾಡುತ್ತದೆ. ಆದುದರಿಂದ ಕೂಡಿಸುವ ಮುನ್ನ ಪ್ರತಿಯೊಂದು ತುದಿಯನ್ನೂ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಶುಚಿಗೊಳಿಸುವುದು ಈ ವೃತ್ತಿಯ ಮೊದಲ ನಿಯಮ. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ಎಂದಿಗೂ ನೋಡಬಾರದೆಂಬುದು ಎರಡನೆಯ ನಿಯಮ. ಅದರಲ್ಲಿ ಹರಿಯುವ ಅವಕೆಂಪು ಕಿರಣವು ಕಣ್ಣಿಗೆ ಕಾಣುವುದಿಲ್ಲ. ಆದರೆ ಕಣ್ಣನ್ನು ಕೆಡಿಸಬಲ್ಲದು.

ಗಾಜಿನಲ್ಲಿದ್ದ ಕಲ್ಮಶವನ್ನು ನೀಗುವುದಕ್ಕಾಗಿ ವಿಜ್ಞಾನಿಗಳು ವರ್ಷಗಟ್ಟಲೆ ಶ್ರಮಿಸಿದರು. ಅವರ ಶ್ರಮದ ಫಲವು ಈಗ ಕಪಾಟಿನ ಮುಂದೆ ನಿಂತು ತುದಿಯನ್ನು ಒರೆಸುವ ಕೆಲಸಗಾರನ ಕೈಯಲ್ಲಿದೆ. ಸರಿಯಾದುದನ್ನು ಆರಿಸುವ ವಿವೇಕ, ಆರಿಸಿದುದನ್ನು ಕಾಪಾಡುವ ಎಚ್ಚರ, ಇವೆರಡೂ ಕೂಡಿದಲ್ಲಿ ಮಾತ್ರ ಬೆಳಕು ತನ್ನ ದಾರಿಯನ್ನು ಕೊನೆಯವರೆಗೆ ನಡೆಯುತ್ತದೆ.

ಅಭ್ಯಾಸ

1. ಬೆಳಕು ಬಾಗಿದ ದಾರಿಯಲ್ಲಿ ಸಾಗಲು ಕಾರಣವೇನು?
2. ಸಿಂಗಲ್ ಮೋಡ್ ಮತ್ತು ಮಲ್ಟಿಮೋಡ್ ಎಳೆಗಳಿಗಿರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.
3. 6,912 ಎಳೆಗಳ ಕೇಬಲಿನಲ್ಲಿ ಹನ್ನೆರಡು ಎಳೆಗಳ ಪಟ್ಟಿಗಳು ಎಷ್ಟಿರುತ್ತವೆ?
4. ‘ದಟ್ಟಣೆಯೊಂದೇ ಗುಣವಲ್ಲ’ ಎಂಬ ಮಾತನ್ನು ಸಮರ್ಥಿಸಿರಿ.